ಗಾಳಿ ರಜೆ

ನಲವತ್ತೆರಡು ಮೀಟರ್ ಮೇಲೆ
ಗಾಜಿನ ತಳದ ಒಂದು ಪೆಟ್ಟಿಗೆ.
ಅದರೊಳಗೆ ನಾನು, ನನ್ನ ಮೊಣಕಾಲು, ಒಂದು ಫ್ಲಾಸ್ಕು.
ಕಾಲ ಕೆಳಗೆ ಕೊನ್‌ಸ್ತಾಂತ್ಸಾ ಬಂದರು,
ಒತ್ತೊತ್ತಾಗಿ ಪೇರಿಸಿಟ್ಟ ಸಾಬೂನಿನ ಅಂಗಡಿ:
ಕೆಂಪು, ನೀಲಿ, ತುಕ್ಕು, ತುಕ್ಕು.

ಹದಿನೇಳು ವರ್ಷ ಬಗ್ಗಿ ನೋಡಿದ್ದೇನೆ.
ಕತ್ತು ಈಗ ತಾನಾಗಿಯೇ ಬಗ್ಗುತ್ತದೆ
ಊಟದ ತಟ್ಟೆಗೆ, ಮಗಳ ಮುಖಕ್ಕೆ,
ಯಾರೂ ಇಲ್ಲದ ಲಿಫ್ಟಿನ ನೆಲಕ್ಕೆ.
ವೈದ್ಯೆ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು
"ನಿಮ್ಮದು ಎಪ್ಪತ್ತರ ಕತ್ತು" ಅಂದಳು.
ಹಾಗಾದರೆ ನನಗಿಂತ ಮೊದಲು ಅದಕ್ಕೆ
ಪಿಂಚಣಿ ಬರಬೇಕಲ್ಲ, ಅಂದೆ.
ಅವಳು ನಗಲಿಲ್ಲ.

ಪರದೆಯ ಮೂಲೆಯಲ್ಲೊಂದು ಅಂಕಿ ಕೂತಿದೆ.
ಗಂಟೆಗೆ ಇಪ್ಪತ್ತೆಂಟು ಎತ್ತಿದರೆ ಹಸಿರು,
ಇಪ್ಪತ್ತೇಳಕ್ಕೆ ಹಳದಿ,
ಇಪ್ಪತ್ತೈದಕ್ಕಿಳಿದರೆ ಯಾರೋ ಫೋನು ಮಾಡಿ
ತುಂಬ ಮೃದುವಾಗಿ ಕೇಳುತ್ತಾರೆ:
"ಎಲ್ಲ ಸರಿಯಿದೆಯಾ, ಶ್ರೀಮತಿ ಕಾಸಿಯಾನಾ?"
ಬೈದಿದ್ದರೆ ವಾಸಿಯಿತ್ತು.
ಬೈಗುಳವನ್ನು ಮನೆಗೊಯ್ದು ಒಗೆಯಬಹುದು
ಕಾಲರಿನ ಕೊಳೆಯ ಹಾಗೆ.
ಈ ಮೆತ್ತನೆ ಮಾತು
ಹಲ್ಲಿನ ಸಂದಿಗೆ ಸಿಕ್ಕ ನಾರು;
ರಾತ್ರಿಯೆಲ್ಲ ನಾಲಿಗೆ ಅಲ್ಲೇ.

ಎತ್ತಿದ್ದರೊಳಗೆ ಏನಿದೆ, ಗೊತ್ತಿಲ್ಲ.
ಗೊತ್ತಿರಬೇಕೆಂದೂ ಇಲ್ಲ.
ತೂಕ ಗೊತ್ತು, ನಂಬರು ಗೊತ್ತು.
ಮೊದಮೊದಲು ಸೆವೆರ್ ಕೇಳುತ್ತಿದ್ದ,
"ಇವತ್ತು ಏನೇನು ಎತ್ತಿದೆ?"
ನಾನು ಕಟ್ಟಿ ಹೇಳುತ್ತಿದ್ದೆ: ಪಿಯಾನೋ, ದಾಳಿಂಬೆ,
ಎರಡು ಸಾವಿರ ಎಡಗಾಲಿನ ಬೂಟು.
ಬಲಗಾಲಿನವು?
ನಾಳೆಯ ಹಡಗಿನಲ್ಲಿ.
ದೀಪ ಆರಿಸಿದ ಮೇಲೂ ನಗುತ್ತಿದ್ದೆವು.
ಯಾವ ದಿನ ಅವನು ಕೇಳುವುದು ಬಿಟ್ಟ,
ಯಾವ ದಿನ ನಾನು ಕಟ್ಟುವುದು ಬಿಟ್ಟೆ,
ಯಾವ ಪರದೆಯೂ ಲೆಕ್ಕ ಇಟ್ಟಿಲ್ಲ.

ನಿನ್ನೆ ಮಧ್ಯಾಹ್ನ ಈಶಾನ್ಯದಿಂದ ಎದ್ದಿತು
ಕ್ರಿವಾತ್ಸ್. ಹೆಸರಲ್ಲೇ ಹಲ್ಲಿರುವ ಗಾಳಿ.
ಮಾಪಕ ಇಪ್ಪತ್ತೆರಡು ದಾಟಿದ್ದೇ ಸೈರನ್ನು ಕೂಗಿ
ಹನ್ನೊಂದು ಕ್ರೇನುಗಳೂ ನಿಂತವು.
ಲಿಫ್ಟೂ ನಿಂತಿತು; ಇಳಿಯುವಂತಿಲ್ಲ.
ಅಂಕಿ ಬೂದಿ ಬಣ್ಣಕ್ಕೆ ತಿರುಗಿತು.
ಅಂಥದೊಂದು ಬಣ್ಣ ಅದರ ಬಳಿ ಇತ್ತೆಂದೇ
ನನಗೆ ತಿಳಿದಿರಲಿಲ್ಲ.

ಪೆಟ್ಟಿಗೆ ತೂಗಿತು. ತೊಟ್ಟಿಲ ಹಾಗೆ ಅಂದರೆ ಸುಳ್ಳು,
ಕುಡುಕ ಕದ ಅಲುಗಿಸುವ ಹಾಗೆ.
ಎರಡೂ ಕೈ ತೊಡೆಯ ಮೇಲೆ ಕೂತಿದ್ದವು
ನೆಂಟರ ಮನೆಗೆ ಹೋದ ಮಕ್ಕಳಂತೆ.
ಹೆದರಿಕೆಯಾಯಿತು.
ಗಾಳಿಗಲ್ಲ, ಆ ಕೈಗಳಿಗೆ.

ಕತ್ತೆತ್ತಿದೆ. ನೋವಾಯಿತು.
ಎದುರಿಗೂ ಒಂದು ಗಾಜಿದೆ ಅನ್ನುವುದು
ಇಷ್ಟು ವರ್ಷ ಕಣ್ಣಿಗೆ ಬಿದ್ದಿತ್ತು, ನೋಡಿರಲಿಲ್ಲ.
ಕಪ್ಪು ಸಮುದ್ರ ಕಪ್ಪಗಿರಲಿಲ್ಲ,
ಪಾತ್ರೆ ತೊಳೆದ ನೀರಿನ ಬಣ್ಣ.
ಅಲೆ ಎಣಿಸತೊಡಗಿದೆ, ಅಭ್ಯಾಸಬಲ.
ಹದಿಮೂರಕ್ಕೆ ತಪ್ಪಿತು.
ಮತ್ತೆ ಎಣಿಸಲಿಲ್ಲ.

ಪಕ್ಕದ ಏಳನೇ ಕ್ರೇನಿನಲ್ಲಿ ಪೊಂಪಿಲಿಯು.
ಒಂಬತ್ತು ವರ್ಷದ ನೆರೆ; ಆಡಿದ ಮಾತೆಲ್ಲ ವಾಕಿಟಾಕಿಯಲ್ಲಿ:
ಎಡಕ್ಕೆ. ಸರಿ. ಸರಿ.
ಈಗ ಟೋಪಿ ತೆಗೆದು ತಲೆ ಬಾಚಿಕೊಳ್ಳುತ್ತಿದ್ದಾನೆ,
ಬಾಚಲು ಅಲ್ಲಿ ಏನೂ ಇಲ್ಲ.
ನಾನು ನೋಡಿದ್ದು ನೋಡಿ
ಬಾಚಣಿಗೆ ಎತ್ತಿ ಸಲಾಮು ಹೊಡೆದ.
ವಾಕಿಟಾಕಿ ಗೊರಗೊರ ಅಂದಿತು:
"ನಿಮ್ಮ ಹಡಗಲ್ಲಿ ಏನಿದೆಯೋ, ಮಹಾರಾಯ್ತಿ?"

ಬಾಯಿ ತಾನಾಗಿ ಹೇಳಿತು:
"ಎರಡು ಸಾವಿರ ಎಡಗಾಲಿನ ಬೂಟು."

ಬರೀ ಗಾಳಿಯ ಸದ್ದು. ಸುಮಾರು ಹೊತ್ತು.

"ಅಯ್ಯೋ," ಅಂದ ಪೊಂಪಿಲಿಯು,
"ಬಲಗಾಲಿನವೆಲ್ಲ ನನ್ನ ಹತ್ತಿರ ಬಂದು ಕೂತಿವೆ."

ನಲವತ್ತು ನಿಮಿಷ. ಆಮೇಲೆ ಗಾಳಿ ತಗ್ಗಿ
ಅಂಕಿ ಕಣ್ಣು ಬಿಟ್ಟಿತು,
ಎಡಕ್ಕೆ, ಸರಿ, ಸರಿ.
ಸಂಜೆಯವರೆಗೂ ಹಳದಿಯಲ್ಲೇ ಇದ್ದೆ,
ಮೃದುವಾದ ಫೋನೂ ಬಂತು.
ಎಲ್ಲ ಸರಿಯಾಗಿದೆ ಅಂತ ನಾನೇನೂ ಹೇಳುತ್ತಿಲ್ಲ.

ರಾತ್ರಿ ಬಾಗಿಲಲ್ಲಿ ಬೂಟು ಕಳಚುವಾಗ ಮಾತ್ರ
ಎಡಗಾಲಿನದನ್ನು ಕೈಯಲ್ಲಿ ಹಿಡಿದು
ಹಾಗೇ ನಿಂತುಬಿಟ್ಟೆ.
ಅಡುಗೆಮನೆಯಿಂದ ಇಣುಕಿ ಸೆವೆರ್ ಕೇಳಿದ:
"ಏನದು?"