ಒಣ ದಿನ, ಒದ್ದೆ ದಿನ

ಕುಳಿತುಕೊಳ್ಳಿ. ಬೆಂಚು ಸಾಲದಿದ್ದರೆ ಆ ಖಾಲಿ ಡ್ರಮ್ಮಿನ ಮೇಲೆ.
ನಾನು ಬೈಂಡು. ಒಳಗೆ ಹೋದಮೇಲೆ ನನಗೆ ಮುಖ ಇರುವುದಿಲ್ಲ,
ಅದಕ್ಕೇ ಏಪ್ರನ್ನಿನ ಮೇಲೆ ಹೆಸರು ಬರೆಯುತ್ತೇವೆ,
ಹೆಸರಿನ ಕೆಳಗೆ ಒಳಹೊಕ್ಕ ಹೊತ್ತು.
ನಲವತ್ತೈದು ನಿಮಿಷ. ಅಷ್ಟರಲ್ಲಿ ಕನ್ನಡಕಕ್ಕೆ ಮಂಜು ಕಟ್ಟುತ್ತದೆ,
ಬೂಟಿನೊಳಗೆ ನಿಮ್ಮದೇ ಬೆವರು
ಪಚಕ್ ಪಚಕ್ ಅನ್ನುತ್ತದೆ.

ಮೊದಲು ಒಣ ದಿನಗಳು.
ಜ್ವರ, ತಲೆಸಿಡಿತ, ಗಂಟಲು ನೋವು,
ಯಾರೋ ಒನಕೆಯಲ್ಲಿ ಕುಟ್ಟಿ ಬಿಟ್ಟಂತೆ ಮೈ.
ಇಷ್ಟಕ್ಕೆ ಮಲೇರಿಯಾ ಅನ್ನುತ್ತೀರಿ.
ಮೋವಾ ನದಿಯ ಈ ದಡದಲ್ಲಿ ಮಲೇರಿಯಾ ಬಾರದವರು ಯಾರು?
ನಾವೂ ಹಾಗೇ ಅಂದೆವು,
ಬರಿಗೈಲಿ ಹಣೆ ಮುಟ್ಟಿ ನೋಡಿದೆವು.
ಆ ವಾರ್ಡಿನಲ್ಲಿ ಏಳು ಜನ ನರ್ಸುಗಳಿದ್ದೆವು.
ಬರೆದುಕೊಳ್ಳಿ: ಮೊದಲ ಮೂರು ದಿನದೊಳಗೆ ತೆಗೆದ ರಕ್ತ
ಇಲ್ಲ ಎಂದರೆ ನಂಬಬೇಡಿ. ಮತ್ತೆ ತೆಗೆಯಿರಿ.

ಆಮೇಲೆ ಒದ್ದೆ ದಿನಗಳು.
ವಾಂತಿ, ಭೇದಿ, ಬಕೆಟ್ಟುಗಟ್ಟಲೆ.
ರೇಡಿಯೋದವರು ಹೇಳುವ ರಕ್ತ ಎಲ್ಲರಲ್ಲೂ ಕಾಣುವುದಿಲ್ಲ,
ಅದು ಬರಲೆಂದು ಕಾಯುತ್ತ ಕೂರಬೇಡಿ.
ಎಷ್ಟೋ ಜನ ಹೋಗುವುದು ನೀರು ಸೋರಿಯೇ.
ಅದಕ್ಕೆ ಓಆರ್‌ಎಸ್. ಒಂದು ಗುಟುಕು, ಹತ್ತು ಎಣಿಸಿ, ಇನ್ನೊಂದು ಗುಟುಕು.
ಲೋಟ ಹಿಡಿಯಲಾರದವರಿಗೆ ನೀವೇ ಕೈ.
ಕಣ್ಣು ಕೆಂಪಗಾಗಿ ಬಿಕ್ಕಳಿಕೆ ಹತ್ತಿದರೆ
ಯಾರೋ ನೆನೆಸಿಕೊಂಡರು ಅನ್ನಬೇಡಿ.
ನೆನೆಯುವವರು ಕಿತ್ತಳೆ ಬಣ್ಣದ ಬೇಲಿಯಾಚೆ
ಹಗಲಿಡೀ ನಿಂತೇ ಇರುತ್ತಾರೆ.
ಬಿಕ್ಕಳಿಕೆ ಬಂದರೆ ಡಾಕ್ಟರನ್ನು ಕರೆಯಿರಿ.

ಸೊಳ್ಳೆ ತರುವುದಲ್ಲ ಇದು, ದೂರದಿಂದ ನೋಡಿದರೆ ಅಂಟುವುದೂ ಅಲ್ಲ.
ವಾಂತಿಯ ಬಟ್ಟೆ ಒಗೆದವಳಿಗೆ ಬಂತು,
ಬಾಯಿ ಒರೆಸಿದವಳಿಗೆ,
ಬೆನ್ನಿಗೆ ಕಟ್ಟಿಕೊಂಡು ಕರೆತಂದ ಬೈಕಿನವನಿಗೆ.
ಹೆಂಡತಿಯನ್ನು ಬಿಟ್ಟು ಓಡಿದ ಸಾಮಾಯ್‌ಗೆ ಬರಲಿಲ್ಲ.
ಅವನ ಇಪ್ಪತ್ತೊಂದು ದಿನದ ತಾಪ ಅಳೆದವಳು ನಾನೇ.
ಈಗಲೂ ಸಂತೆಯಲ್ಲಿ ತಾಳೆ ಎಣ್ಣೆ ಮಾರುತ್ತಾನೆ.
ಎಣ್ಣೆ ಚೆನ್ನಾಗಿದೆ. ಕೊಳ್ಳುತ್ತೇನೆ.

ಈಗ ಹೆಣದ ವಿಷಯ.
ಉಸಿರು ನಿಂತ ಮೈಯಷ್ಟು ಅಪಾಯ ಇನ್ನೊಂದಿಲ್ಲ.
ನನ್ನ ಚಿಕ್ಕಮ್ಮ ನ್ಗಾಡಿ ನಲವತ್ತು ವರ್ಷ
ಊರ ಹೆಂಗಸರ ಹೆಣ ಮೀಯಿಸಿದವಳು.
ಬಲಗಡೆ ಮೊದಲು, ಅನ್ನುತ್ತಿದ್ದಳು,
ನೀರು ಉಗುರುಬೆಚ್ಚಗಿರಲಿ, ಸತ್ತವಳು ಬೆಚ್ಚಿಬೀಳಬಾರದು.
ನೀವು ಕ್ಲೋರಿನ್ ಸಿಂಪಡಿಸುತ್ತೀರಿ, ಚೀಲದ ಮೇಲೆ ಚೀಲ,
ಜಿಪ್ಪು ಎಳೆಯುತ್ತೀರಿ.
ನಾಲ್ಕನೇ ಹಾಸಿಗೆಯ ಹುಡುಗಿ ಕೇಳಿದಳು:
ಅಮ್ಮನಿಗೆ ನೀರು ಹಾಕಿದಿರಾ?
ಹಾಕಿದೆ ಅಂದೆ. ಬೆಚ್ಚಗಿತ್ತಾ ಅಂದಳು.
ಇದಕ್ಕೆ ಕೈಪಿಡಿಯಲ್ಲಿ ಉತ್ತರವಿಲ್ಲ, ಹುಡುಕಬೇಡಿ.

ಬದುಕುವವರೂ ಇದ್ದಾರೆ.
ಅಗೋ ಮಕ್ಕಳ ಡೇರೆಯಲ್ಲಿ ಲಾಹಾಯ್,
ಒಂದು ಕಣ್ಣು ಮಸುಕು, ಕೀಲುಗಳಲ್ಲಿ ಮುದುಕ, ವಯಸ್ಸು ಇಪ್ಪತ್ತಾರು.
ಹತ್ತಿರದವರು ಮನೆಯ ಬಾಡಿಗೆ ಕೊಡಲಿಲ್ಲ, ಇಲ್ಲಿಗೇ ಬಂದ.
ಯಾರೂ ಎತ್ತಿಕೊಳ್ಳದ ಕೂಸುಗಳನ್ನು
ತೊಡೆಯ ಮೇಲೆ ಮಲಗಿಸಿ ಕುಡಿಸುತ್ತಾನೆ.
ಅವನಿಗೂ ಗ್ಲೌಸು ಹಾಕು ಎನ್ನುತ್ತೇನೆ, ನಿಯಮ ನಿಯಮವೇ.
ಆದರೆ ಅವನ ಮುಖ ಬರಿದಾಗಿರುತ್ತದೆ ಮಾಸ್ಕಿನ ಮೇಲೆ,
ಹಣೆ, ಹುಬ್ಬು, ಆ ಎರಡು ಕಣ್ಣು.
ಕೂಸುಗಳು ಅದನ್ನೇ ನೋಡುತ್ತವೆ.
ನನಗೆ ಹೊಟ್ಟೆಕಿಚ್ಚಾಗುತ್ತದೆ.

ಕೊನೆಯದು, ಬಿಚ್ಚುವುದು.
ತೊಡುವಾಗ ಯಾರೂ ತಪ್ಪುವುದಿಲ್ಲ, ಬಿಚ್ಚುವಾಗ ತಪ್ಪುತ್ತೀರಿ,
ಮನೆ ನೆನಪಾಗಿರುತ್ತದೆ, ಮೂಗು ತುರಿಸುತ್ತಿರುತ್ತದೆ.
ಪ್ರತಿ ಪದರಕ್ಕೂ ಕೈ ತೊಳೆಯಿರಿ.
ಜೊತೆಯವಳು ಗದರಿದರೆ ಮುನಿಸಿಕೊಳ್ಳಬೇಡಿ.

ಏಳು ಜನ ಇದ್ದೆವು ಅಂದೆ.
ಉಳಿದವರೆಷ್ಟು ಅಂತ ಯಾರೂ ಕೇಳಲಿಲ್ಲ.
ಇರಲಿ.
ಒಬ್ಬೊಬ್ಬರೇ ಬನ್ನಿ, ಬೂಟಿನ ಅಳತೆ ಹೇಳಿ.