ನಾನೂರರೊಳಗೆ

ಸೋಫಾ ಎಳೆದೆವು, ನಾನೂ ಮುಬೀನಾನೂ.
ಹಿಂದೆ ನಾಲ್ಕು ವರ್ಷದ ಧೂಳು, ಲೂಡೋ ದಾಳ,
ಮೊಳಕೆಯೊಡೆದು ಒಣಗಿದ
ಒಂದು ಬೆಳ್ಳುಳ್ಳಿ ಎಸಳು.

ಕಟ್ಟಿನಕೆರೆ ಮಾರ್ಕೆಟ್ಟಿನ ಕಟ್‌ಪೀಸು ಅಂಗಡಿಯಲ್ಲಿ
ಪರದೆಗೆ ಮೂರು ಮೀಟರು, ಹುಚ್ಚೆಳ್ಳು ಹೂವಿನ ಬಣ್ಣ.
ಉಳಿದದ್ದಕ್ಕೆ ಮೊಳೆ, ಸುಣ್ಣ,
ಇಬ್ಬರಿಗೂ ಟೀ, ಬನ್ನು.

ಮದುವೆಗೆ ಬಂದ ಐದು ಗಡಿಯಾರಗಳಲ್ಲಿ
ನಡೆಯುವ ಒಂದನ್ನೇ ಗೋಡೆಗಿಟ್ಟು
ಮಿಕ್ಕವನ್ನು ಮಂಚದಡಿ ತಳ್ಳಿದೆ.
ಎಸೆಯೋದು ಹೇಗೆ?
ಕೊಟ್ಟವರು ಬರ್ತಾರಲ್ಲ.

ಟಿವಿ ಸರಿದದ್ದೇ ತಡ,
ಬಾಡಿಗೆಗೆ ಬಂದಾಗಿನಿಂದ ತೆರೆಯದ
ಬಾಗಿಲಿನ ಎಡರೆಕ್ಕೆ
ಕಿರ್ರೆಂದಿತು.
ಬಿಸಿಲು ಒಳಗೆ ಬಂತು,
ಚಪ್ಪಲಿ ಬಿಡದೆ.

ಆಲೂರಿನ ಕೊನೇ ಟ್ರಿಪ್ಪು ಮುಗಿಸಿ ಬಂದ ಜವರಪ್ಪ
ಲೈಟು ಹಾಕದೆ
ಹಳೇ ಜಾಗದಲ್ಲೇ ಕೂತ:
ದೊಪ್ಪನೆ, ನೆಲಕ್ಕೆ.
ಏಳಲಿಲ್ಲ.
‘ಇಷ್ಟು ಜಾಗ ಎಲ್ಲಿತ್ತೇ?’ ಅಂದ,
ಕಾಲು ಚಾಚುತ್ತಾ.