ಹಗಲು ಬಾಗಿಲಾಗುವ ಗಂಡ

ಮೊದಲು ವಾಪಸು ತಂದವರು ತಿಮ್ಮಾರೆಡ್ಡಿ ಮೇಷ್ಟ್ರು.
ಎರಡೇ ದಿನಕ್ಕೆ. ಮೇಜಿನ ಮೇಲೆ ಇಡಲಿಲ್ಲ,
ಸತ್ತ ಹಲ್ಲಿಯ ಹಾಗೆ ಮೂಲೆ ಹಿಡಿದು ಬಿಟ್ಟರು.
"ಹಗಲು ಬಾಗಿಲಂತ, ರಾತ್ರಿ ಗಂಡನಂತ.
ಬಿಜಾಗರಿ ಎಲ್ಲಿ ಬಡದಾರ? ಭುಜಕ್ಕೋ, ಸೊಂಟಕ್ಕೋ?
ನೂರಾ ಎಂಬತ್ತು ರೂಪಾಯಿ!"

ಹಟ್ಟಿಯ ವಾಚನಾಲಯ ಇದು. ಮೂರು ಪಾಳಿಯ ಊರು.
ಗಣಿಯ ಸೈರನ್ ಕೂಗಿದಾಗ ಕಪಾಟಿನ ಗಾಜು
ಸಣ್ಣಗೆ ಹಲ್ಲು ಕಡಿಯುತ್ತದೆ.
ಠಸ್ಸೆ ಹೊಡೆಯುವುದು, ಧೂಳು ಕೊಡವುವುದು,
ಓದಿದವರು ಅಂಚಿನಲ್ಲಿ ಗೀಚಿದ್ದನ್ನು
ರಬ್ಬರಿನಿಂದ ಅಳಿಸುವುದು ನನ್ನ ಕೆಲಸ.

ಈ ಪುಸ್ತಕಕ್ಕೆ ಮೂರು ರಬ್ಬರು ಸವೆದವು.

ಕತೆ ಇಷ್ಟು. ಏಳು ಮಂದಿ ಅಕ್ಕತಂಗಿಯರಲ್ಲಿ ಕಿರಿಯವಳು
ಬೇವಿನ ಬಾಗಿಲನ್ನು ಮದುವೆಯಾಗುತ್ತಾಳೆ.
ಹಗಲೆಲ್ಲ ಊರು ಅವನೊಳಗಿಂದ ಹಾದುಹೋಗುತ್ತದೆ,
ಆಡು, ಎಮ್ಮೆ, ಬಳೆ ಮಾರುವವಳು, ಒಂದು ಹೆಣ.
ಸಂಜೆ ಮೈ ಮುರಿದು ಮನುಷ್ಯನಾಗಿ
"ಇವತ್ತು ಯಾರೂ ಬರಲಿಲ್ಲ" ಅನ್ನುತ್ತಾನೆ.
ಅವಳು ತನ್ನ ನೆರಳನ್ನು ಉಪ್ಪಿನ ಭರಣಿಯಲ್ಲಿ ಅದುಮಿಟ್ಟು
ಒಂದು ನಡುರಾತ್ರಿ ಅವನ ಎದೆಯ ಚಿಲಕ ತೆಗೆಯುತ್ತಾಳೆ.
ಅಲ್ಲಿಗೆ ಮುಗಿಯಿತು.
ಮುಂದಿನ ಪುಟ ಖಾಲಿ.

ಆ ಖಾಲಿ ಪುಟಕ್ಕಾಗಿ ಅಮರೇಗೌಡ ನನ್ನ ಮೇಲೆ
ದೂರಿನ ಅರ್ಜಿ ಬರೆದ: ಕೊನೆಯ ಭಾಗ ಕಳವಾಗಿದೆ.

ಹನ್ನೊಂದನೇ ಪುಟದಲ್ಲಿ ಪೆನ್ಸಿಲು: 'ಹುಚ್ಚು'.
ಅದರ ಕೆಳಗೆ ಬೇರೆ ಕೈ: 'ಯಾರಿಗೆ?'
ಇಪ್ಪತ್ತಾರರಲ್ಲಿ ಎಣ್ಣೆ ಬೆರಳಿನ ಗುರುತು.
ಮೂವತ್ತರಲ್ಲಿ ಕಾಲೇಜಿನ ಹುಡುಗಿ ಯಾರೋ,
'ಪರೀಕ್ಷಾಕ್ಕ ಬರಂಗಿಲ್ಲ ಅಲ್ಲ? ಹಂಗಾದ್ರ ಛಲೋ ಅದ.'

ಆಸ್ಪತ್ರೆಯ ನರ್ಸು ಎಸ್ತರಮ್ಮ ಅರ್ಧಕ್ಕೇ ನಿಲ್ಲಿಸಿದಳು.
ಕೆಟ್ಟದೆಂದಲ್ಲ. "ರಾತ್ರಿ ಡ್ಯೂಟಿಯಾಗ ಓದಬಾರದ್ರಿ ಇದನ್ನ,
ವಾರ್ಡಿನ ಬಾಗಿಲು ತಳ್ಳಾಕ ಕೈ ಬರವಲ್ದು."

ಕಸ ಗುಡಿಸುವ ಹುಲಿಗೆಮ್ಮನಿಗೆ ಅಕ್ಷರ ಬರುವುದಿಲ್ಲ.
ಮಧ್ಯಾಹ್ನ, ಯಾರೂ ಇಲ್ಲದಾಗ, ಓದಿ ಹೇಳಿದೆ.
ಕಸಬರಿಗೆ ಮಡಿಲಲ್ಲಿಟ್ಟುಕೊಂಡು ಕೇಳಿದಳು.
ಗಂಡ ಬಾಗಿಲಾದಾಗ ಹುಬ್ಬು ಕೂಡ ಏರಲಿಲ್ಲ.
"ಬಾಗಿಲರ ಆಗಿದ್ನಲ್ಲ ಪುಣ್ಯಾತ್ಮ. ನಮ್ಮಾಂವ
ಹೊಸ್ತಿಲಾಗಿದ್ದ. ದಾಟಿದ್ರ ತಪ್ಪು, ತುಳದ್ರ ತಪ್ಪು."
ಕೊನೆಗೆ ಮಾತ್ರ ಸಿಟ್ಟಾದಳು.
"ಕತಿ ಅಂದಮ್ಯಾಲ ಮುಚ್ಚಬೇಕಲ್ಲ?
ಅವರು ಅಲ್ಲೇ, ನಾವು ಇಲ್ಲೇ ಅನ್ನದ ಬಿಟ್ರ
ಎದ್ದು ಬರ್ತಾರ ಮನಿಗೆ. ಯಾರು ಉಣ್ಣಾಕ ಹಾಕವ್ರು?"
ಅವತ್ತಿನಿಂದ ಆ ಕಪಾಟಿನ ಕೆಳಗೆ ಎರಡು ಸಲ ಗುಡಿಸುತ್ತಾಳೆ.

ಹುಸೇನಪ್ಪ ಅದನ್ನು ಐದು ಸಲ ಒಯ್ದ.
ಶಾಫ್ಟಿನ ಬಾಯಲ್ಲಿ ಕೇಜಿನ ಗೇಟು ಎಳೆಯುವವನು,
ತಲೆ ಎಣಿಸಿ ಕತ್ತಲೆಗೆ ಇಳಿಸುವವನು,
ಅಷ್ಟೇ ತಲೆ ಎಣಿಸಿ ಮೇಲೆ ತೆಗೆದುಕೊಳ್ಳುವವನು.
ಮೇಷ್ಟ್ರು ತಡೆದು ಕೇಳಿದರು: "ಏನ್ ತಿಳೀತಪ್ಪ ನಿನಗ?"
"ತಿಳೀಲಿಲ್ರಿ."
ಪುಸ್ತಕವನ್ನು ಕಂಕುಳಿಗೆ ಸೇರಿಸಿದ ಮೇಲೆ,
"ಆದ್ರ ಆ ಮನಷ್ಯಾ ಸಂಜಿಕ ಸುಳ್ಳು ಹೇಳ್ತಾನಲ್ರಿ,
ಯಾರೂ ಬರಲಿಲ್ಲ ಅಂತ. ನಾನೂ ಮನ್ಯಾಗ ಹಂಗ ಹೇಳ್ತೀನಿ."
"ಅಷ್ಟಕ್ಕ ಅದು ಸಾಹಿತ್ಯ ಆಗ್ತದೇನು?" ಎಂದು ಮೇಷ್ಟ್ರು
ಅವನ ಕಂಕುಳಿನಿಂದಲೇ ಎಳೆದುಕೊಂಡು
ಹಿಂಬದಿಯ ಬೆಲೆಯನ್ನು ಇನ್ನೊಮ್ಮೆ ನೋಡಿದರು.

ನನ್ನನ್ನು ಯಾರೂ ಕೇಳಲಿಲ್ಲ.
ಕೇಳಿದ್ದರೆ ಹೇಳುತ್ತಿದ್ದೆ, ಅರ್ಧ ಬೇಸರವಾಯಿತು,
ಏಳರಲ್ಲಿ ನಾಲ್ಕು ಅಕ್ಕಂದಿರು ಸುಮ್ಮನೆ ಕೂತಿದ್ದಾರೆ,
ಭರಣಿಯ ಭಾಗ ವಿಪರೀತ ಉದ್ದ.
ಆದರೂ ಒಂದು ವಾರ ಅಡುಗೆಗೆ ಉಪ್ಪು ತೆಗೆಯುವಾಗ
ಚಮಚ ಬಳಸಿದೆ. ಕೈ ಹಾಕಲಿಲ್ಲ.

ಇವತ್ತು ಪುಸ್ತಕಗಳ ಎಣಿಕೆ. ತೆರೆದು ನೋಡುತ್ತೇನೆ,
ಕೊನೆಯ ಖಾಲಿ ಪುಟದಲ್ಲಿ ಯಾರೋ
ಒಂದು ಬಾಗಿಲು ಬರೆದಿದ್ದಾರೆ.
ಸ್ಕೇಲು ಇಟ್ಟು ಎಳೆದ ಗೆರೆ, ತಪ್ಪಿಲ್ಲದ ಲಂಬಕೋನ,
ಬಿಜಾಗರಿ ಸರಿಯಾಗಿ ಭುಜದ ಎತ್ತರಕ್ಕೆ.
ಚಿಲಕ ಬರೆದಿಲ್ಲ.

ರಬ್ಬರು ಕೈಯಲ್ಲಿದೆ.
ಎರಡನೇ ಪಾಳಿ ಬಿಡುವ ಹೊತ್ತು, ಗಾಜು ನಡುಗುತ್ತಿದೆ.